ಆಲೂಗಡ್ಡೆಗೆ ಹೋದ ಓನಿ

ಬೀಸಿ ಗಿಲ್ವಾರ್ನ ಸೊಂಟ ಮುರಿದುಕೊಂಡದ್ದು ಎಂಬತ್ತೆಂಟನೇ ಇಸವಿಯ ಫೆಬ್ರವರಿಯಲ್ಲಿ, ಕೋಳಿಗೂಡಿನ ಮುಂದೆ. ಎಂಬತ್ನಾಲ್ಕು ವರ್ಷದ ಹೆಂಗಸು, ಬಿದ್ದ ಜಾಗದಿಂದಲೇ ಕೋಳಿಯನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಆ ಬೈಗುಳ ಕೇಳಿಯೇ ನಾನು ಓಡಿದ್ದು. ನಮ್ಮಿಬ್ಬರ ಮನೆಗಳ ನಡುವೆ ಒಂದು ಕಲ್ಲುಗೋಡೆ ಮಾತ್ರ ಇದೆ. ಅದನ್ನು ಹೇಗೆ ಹಾರಿದೆನೋ ನನಗೇ ನೆನಪಿಲ್ಲ, ನನಗೂ ಆಗ ಅರವತ್ತಾರು.

ನನ್ನ ಹೆಸರು ಫೆಸ್ಟಿ ಲಾವೆಲ್. ಮೂವತ್ತೆಂಟು ವರ್ಷ ಕಿಲ್‌ಮಾರ್ನಾದಲ್ಲಿ ಅಂಚೆ ಹಂಚಿದವನು. ಐರ್ಲೆಂಡಿನ ಪಡುವಲ ಕಡಲಂಚಿನ ಈ ಊರಲ್ಲಿ ಯಾರ ಮನೆಗೆ ಎಲ್ಲಿಂದ ಕಾಗದ ಬರುತ್ತದೆ, ಯಾರ ಮನೆಗೆ ಬರುವುದು ನಿಂತುಹೋಗಿದೆ ಎಂಬುದೆಲ್ಲ ನನಗೆ ಗೊತ್ತು. ಊರಿನ ಇತಿಹಾಸ ಬರೆದವರು ರುಆನ್ ಮೇಷ್ಟ್ರು, ಅದು ನಿಜ. ಆದರೆ ಅವರು ಬರೆದದ್ದನ್ನು ನಾನು ಕಾಲಲ್ಲಿ ನಡೆದಿದ್ದೇನೆ.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದಾಗ ಬೀಸಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು.

"ಡಾಕ್ಟ್ರು ಏನಂದ್ರು?" ಎಂದೆ.

"ಕುರ್ಚೀಲಿ ಕೂತ್ಕೊಂಡಿದ್ರೆ ನೂರು ವರ್ಷ ಬದುಕ್ತೀಯ ಅಂದ. ಕೂತ್ಕೊಂಡು ನೂರು ವರ್ಷ ಏನ್ ಮಾಡ್ಲಿ? ಬಾವಿ ಭಾನುವಾರದ ಹೊತ್ತಿಗೆ ನಡೀತೀನಾ ಅಂತ ಕೇಳ್ದೆ. ಯಾವ ಬಾವಿ ಅಂದ, ಆ ಹುಡುಗ. ಯಾವ ಬಾವಿಯಂತೆ!"

ಅವಳ ಕಣ್ಣಲ್ಲಿ ನಾನು ನೀರು ಕಂಡದ್ದು ಅದೇ ಮೊದಲು. ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಜುಲೈ ತಿಂಗಳ ಕೊನೆಯ ಭಾನುವಾರ ಮಾರ್ನಾ ಸಂತನ ಗಂಟೆಯನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಬಾವಿಗೆ ಮೂರು ಸುತ್ತು ಬರಬೇಕು. ಬರುವವರು ಗಿಲ್ವಾರ್ನರೇ ಆಗಿರಬೇಕು. ಆ ಹೆಸರಿನ ಅರ್ಥವೇ ಮಾರ್ನಾನ ಆಳಿನ ಮಗ ಎಂದು. ಸಂತ ಸಾಯುವಾಗ ತನ್ನ ಆಳಿನ ಕೈಗೆ ಗಂಟೆ ಕೊಟ್ಟನಂತೆ, ಅಲ್ಲಿಂದ ಅದು ಕೈಯಿಂದ ಕೈಗೆ ಬಂದಿದೆ. ಬೀಸಿಯ ಅಜ್ಜ ಟಾಮ್ ಮನೆಯಲ್ಲಿ ಕೈ ಸಾಲದೆ, ಕಳ್ಳಕಾಕರ ಭಯವೂ ಇದ್ದು, ಗಂಟೆಯನ್ನು ಜಿಲ್ಲೆಯ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟ. ಇಡುವಾಗ ಒಂದು ಕರಾರು ಬರೆಸಿಕೊಂಡ: ವರ್ಷಕ್ಕೊಂದು ದಿನ ಗಂಟೆ ಬಾವಿಗೆ ಬರತಕ್ಕದ್ದು, ಗಂಟೆಮನೆಯವರೊಬ್ಬರು, ಅಂದರೆ ಈ ಊರಿನ ಗಿಲ್ವಾರ್ನರೊಬ್ಬರು, ಅದನ್ನು ಹೊರತಕ್ಕದ್ದು, ಹೊರುವವರಿಲ್ಲದ ವರ್ಷದಿಂದ ಅದು ಶಾಶ್ವತವಾಗಿ ಗಾಜಿನ ಪೆಟ್ಟಿಗೆಯದು. ಬೀಸಿ ಅರವತ್ತು ವರ್ಷ ಒಂದೂ ತಪ್ಪಿಸದೆ ಹೊತ್ತಿದ್ದಳು. ಮದುವೆಯಾಗಲಿಲ್ಲ, ಒಡಹುಟ್ಟಿದವರಿಲ್ಲ. ಜುಲೈಗೆ ಇನ್ನು ಐದು ತಿಂಗಳಿತ್ತು.

"ಅಳಬೇಡ ಬೀಸಿ," ಎಂದೆ. "ಇನ್ನೊಬ್ಬ ಗಿಲ್ವಾರ್ನನ್ನ ಹುಡುಕ್ತೀನಿ."

"ಎಲ್ಲಿ ಹುಡುಕ್ತೀಯೋ? ಕೋಳಿಗೂಡಲ್ಲಾ?"

ಮೇಷ್ಟ್ರ ಹತ್ತಿರ ಹೋದೆ. ಎಪ್ಪತ್ತೆಂಟು ವರ್ಷವಾದರೂ ಸೀಮೆಸುಣ್ಣ ಹಿಡಿದ ಹಾಗೇ ಬೆರಳು ಎತ್ತಿ ಮಾತಾಡುವ ಮನುಷ್ಯ. ಗಂಟೆ ಹೊರುವವರು ಗಂಟೆಮನೆಯವರೇ ಹೌದು ಎಂದು ಅವರು ಸಹಿ ಹಾಕಿದರೆ ಮಾತ್ರ ಸಂಗ್ರಹಾಲಯದವರು ಪೆಟ್ಟಿಗೆ ತೆಗೆಯುತ್ತಿದ್ದರು.

"ಫೆಸ್ಟಿ, ಆ ಹೆಸರು ಬೀಸಿಗೆ ಮುಗೀತು. ನನ್ನ ಪುಸ್ತಕದ ನೂರಾ ಹನ್ನೆರಡನೇ ಪುಟ ನೋಡು."

"ನೋಡಿದೀನಿ ಮೇಷ್ಟ್ರೇ. ಬೀಸಿ ಇನ್ನೂ ಬದುಕಿರುವಾಗ್ಲೇ ಮುಗಿಸಿಬಿಟ್ಟಿದ್ದೀರಿ."

"ನಾನು ಮುಗಿಸ್ಲಿಲ್ಲಪ್ಪ, ಲೆಕ್ಕ ಮುಗಿಸ್ತು. ಬರದ ಕಾಲ ಆದ್ಮೇಲೆ ಜಮೀನು ಅಳೆದ ಪಟ್ಟಿ ತೆಗಿ, ಈ ಊರಲ್ಲಿ ಗಿಲ್ವಾರ್ನರ ಹನ್ನೊಂದು ಮನೆ. ಈ ಶತಮಾನದ ಮೊದಲ ಜನಗಣತೀಲಿ ಮೂರು. ಹತ್ತು ವರ್ಷ ಬಿಟ್ಟು ಎರಡು. ಈಗ ಒಂದು, ಅದೂ ಸೊಂಟ ಮುರಿದಿದ್ದು."

"ಆಂಟ್ರಿಮ್‌ನಲ್ಲಿ ಗಿಲ್ವಾರ್ನರು ಇದಾರಲ್ಲ?"

ಕೇಳಬಾರದ್ದನ್ನು ಕೇಳಿದ್ದೆ. ಮೇಷ್ಟ್ರ ಕಿವಿ ಕೆಂಪಾಯಿತು. ಉತ್ತರದ ಆಂಟ್ರಿಮ್ ತೀರದಲ್ಲಿ ಅದೇ ಹೆಸರಿನ ಮೀನುಗಾರರಿದ್ದಾರೆ. ಹೆಸರು ಒಂದೇ, ಬೇರು ಬೇರೆ. ಅವರ ಸಂತನೂ ಬೇರೆ, ಅವರಿಗೂ ಈ ಗಂಟೆಗೂ ಸಂಬಂಧವಿಲ್ಲ. ಐವತ್ತೊಂದರಲ್ಲಿ ಅಮೆರಿಕಾದಿಂದ ಬಿಳಿ ಬೂಟು ಹಾಕಿಕೊಂಡು ಒಬ್ಬ ಗಿಲ್ವಾರ್ನ ಬಂದ. ಮೇಷ್ಟ್ರಿಗೆ ಆಗ ನಲವತ್ತರ ಹುರುಪು, ಸಂಭ್ರಮದಲ್ಲಿ ಸಹಿ ಹಾಕಿಬಿಟ್ಟರು. ಅವನು ಬೀಸಿಯ ಜೊತೆ ಗಂಟೆ ಹಿಡಿದು ಫೋಟೋ ತೆಗೆಸಿಕೊಂಡ, ಪತ್ರಿಕೆಯಲ್ಲೂ ಬಂತು. ಮೂರು ವಾರದ ನಂತರ ಗೊತ್ತಾಯಿತು, ಅವನ ಅಜ್ಜ ಆಂಟ್ರಿಮ್‌ನವನು. ಗಂಟೆ ಮುನಿಸಿಕೊಂಡು ಎರಡು ವರ್ಷ ಸರಿಯಾಗಿ ಸದ್ದು ಮಾಡಲಿಲ್ಲ ಎಂದು ಬೀಸಿ ಈಗಲೂ ಹೇಳುತ್ತಾಳೆ. ಮೇಷ್ಟ್ರನ್ನು ಊರು ಹತ್ತು ವರ್ಷ ಬಿಳಿ ಬೂಟು ಎಂದೇ ಕರೆಯಿತು.

"ಪುಸ್ತಕ ತಿದ್ದೋಕೆ ನಂಗೇನೂ ಬೇಜಾರಿಲ್ಲ ಫೆಸ್ಟಿ," ಎಂದರು. "ಸುಳ್ಳಿಗೋಸ್ಕರ ಇನ್ನೊಂದ್ಸಲ ತಿದ್ದೋದಿಲ್ಲ, ಅಷ್ಟೇ."

ನಾನು ಮನೆಗೆ ಬಂದು ಊಟದ ಮೇಜಿನ ಮೇಲೆ ಪ್ರಪಂಚದ ಭೂಪಟ ಹರಡಿದೆ. ಹೆಂಡತಿ ಊನಾಳ ಹೊಲಿಗೆ ಡಬ್ಬಿಯಿಂದ ಗುಂಡುಸೂಜಿ ತೆಗೆದು, ಗಿಲ್ವಾರ್ನರು ಹೋದರೆಂದು ಕೇಳಿದ್ದ ಊರಿಗೆಲ್ಲ ಒಂದೊಂದು ಚುಚ್ಚಿದೆ. ಸ್ಕ್ರಾಂಟನ್‌ನ ಕಲ್ಲಿದ್ದಲ ಗಣಿ, ಬಾಸ್ಟನ್, ಬ್ಯೂಟ್‌ನ ತಾಮ್ರದ ಗಣಿ, ಕ್ಲೀವ್‌ಲ್ಯಾಂಡ್.

"ಅಮೆರಿಕಾನ ಇಲ್ಲಿ ಹಾಸಿದ್ರೆ ನಾನು ತಟ್ಟೆ ಎಲ್ಲಿಡ್ಲಿ?" ಎಂದಳು ಊನಾ.

"ಕೆನಡಾದ ಮೇಲಿಡು, ಅಲ್ಲಿ ಯಾರೂ ಹೋಗಿಲ್ಲ."

ನಲವತ್ತೊಂದು ಕಾಗದ ಬರೆದೆ. ಒಂಬತ್ತಕ್ಕೆ ಉತ್ತರ ಬಂತು. ಏಳು ಮಂದಿ ಆಂಟ್ರಿಮ್‌ನವರು. ಒಬ್ಬ ನನಗೆ ವಿಮೆ ಮಾರಲು ನೋಡಿದ. ಒಂಬತ್ತನೆಯದು ಮಾತ್ರ ಅಸಲು ಗಂಟೆಮನೆಯ ಕುಡಿ, ಸ್ಕ್ರಾಂಟನ್‌ನಲ್ಲಿ. ಆಕೆಗೆ ತೊಂಬತ್ತೊಂದು ವರ್ಷ, ಕನ್ಯಾಮಠದ ಸನ್ಯಾಸಿನಿ, ಕಣ್ಣು ಕಾಣುವುದಿಲ್ಲ. ನಮಗಾಗಿ ಪ್ರಾರ್ಥಿಸುತ್ತೇನೆ ಎಂದು ಬೇರೆಯವರ ಕೈಯಲ್ಲಿ ಬರೆಸಿದ್ದಳು.

ಮೇ ತಿಂಗಳಲ್ಲಿ ಬೀಸಿಯನ್ನು ಮನೆಗೆ ಕಳಿಸಿದರು, ಗಾಲಿಕುರ್ಚಿಯ ಸಮೇತ. ಒಂದು ಸಂಜೆ ಊನಾ ಮಾಡಿದ ಸೋಡಾ ರೊಟ್ಟಿ ಕೊಡಲು ಹೋದೆ. ನನ್ನ ಗ್ರಹಚಾರಕ್ಕೆ ಸರಿಯಾಗಿ ಆರು ಹೊಡೆಯಿತು, ಬೀಸಿ ಜಪಸರ ಕೈಗೆತ್ತಿಕೊಂಡಳು. ಆ ಹೊತ್ತಿಗೆ ಒಳಗಿದ್ದವರು ಮಂಡಿಯೂರಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಜಪ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಮಂಡಿ ಮುರಿಯುವುದು ಆಮೇಲಿನ ಬಾಲಂಗೋಚಿ. ಪ್ರತಿ ಮನೆಯಲ್ಲೂ ಜಪದ ಹಿಂದೆ ಒಂದು ಬಾಲಂಗೋಚಿ ಇರುತ್ತದೆ: ಸತ್ತವರ ಆತ್ಮಕ್ಕೆ, ಕಡಲಿಗೆ ಹೋದವರಿಗೆ, ಕಾಯಿಲೆಯವರಿಗೆ, ಹಸುವಿಗೆ. ಸೊಸೆ ಅತ್ತೆಯಿಂದ ಕಲಿಯುತ್ತಾಳೆ, ಮಕ್ಕಳು ಅಮ್ಮನಿಂದ ಕಲಿಯುತ್ತಾರೆ, ಯಾರೂ ಒಂದು ಹೆಸರನ್ನೂ ಕಳೆಯುವುದಿಲ್ಲ, ಸೇರಿಸುತ್ತಾ ಹೋಗುತ್ತಾರೆ. ಬೀಸಿಯದು ಊರಿಗೇ ಉದ್ದನೆಯದು.

"...ಬಾವಿಯ ಟಾಮ್, ಎಡಗೈ ಪೀಟರ್, ಎರಡು ಬಾಗಿಲ ಹಾನರ್, ಮಾತು ಬಾರದ ಸಬೀನಾ, ಇವರ ಆತ್ಮಕ್ಕೆ ಶಾಂತಿ ಸಿಗಲಿ. ಆಲೂಗಡ್ಡೆಗೆ ಹೋದ ಓನಿ ಸುಖವಾಗಿ ಮನೆಗೆ ಬರಲಿ. ಬ್ರಿಜೆಟ್ ಮತ್ತು ಅವಳ ಅವಳಿ ಕೂಸುಗಳು..."

ಮೂವತ್ತು ವರ್ಷದಿಂದ ಇದು ನನ್ನ ಕಿವಿಗೆ ಬೀಳುತ್ತಿತ್ತು. ತಲೆಗೆ ಹೋದದ್ದು ಆವತ್ತು.

"ಬೀಸಿ, ಓನಿ ಯಾರು?"

ಅವಳಿಗೆ ಸಿಟ್ಟು ಬಂತು. ಬಾಲಂಗೋಚಿಯ ನಡುವೆ ಮಾತಾಡಿದರೆ ಮೊದಲಿಂದ ಶುರುಮಾಡುತ್ತಾಳೆ. "ಯಾವ ಓನಿ?"

"ಈಗ ಅಂದ್ಯಲ್ಲ, ಆಲೂಗಡ್ಡೆಗೆ ಹೋದ ಓನಿ."

"ನಂಗೇನ್ ಗೊತ್ತು? ಇದು ನನ್ನ ಬಾಯಿಗೆ ಬಂದಾಗ್ಲೇ ಅವನು ಇದ್ರಲ್ಲಿ ಇದ್ದ. ಅಮ್ಮ ಹೇಳ್ತಿದ್ಲು, ನಾನೂ ಹೇಳ್ತೀನಿ. ತೆಗೆದು ಹಾಕೋಕೆ ನಾನ್ಯಾರು?"

"ಗಿಲ್ವಾರ್ನನಾ?"

"ನಮ್ಮನೆ ಬಾಲಂಗೋಚೀಲಿ ಬೇರೆ ಮನೆ ಓನಿಗೆ ಏನೋ ಕೆಲ್ಸ? ಬಾಯ್ಮುಚ್ಕೊಂಡು ಮಂಡಿಯೂರು."

ಮತ್ತೆ ಮೊದಲಿಂದ ಶುರುವಾಯಿತು. ಮಂಡಿಯ ನೋವು ನನಗೆ ಗೊತ್ತಾಗಲಿಲ್ಲ. ನಮ್ಮ ಪೆದ್ದತನಕ್ಕೆ ನಾಚಿಕೆ ಆಗುತ್ತಿತ್ತು. ಅಮೆರಿಕಾಕ್ಕೆ ಹೊರಟವರಿಗೆ ನಮ್ಮ ಊರಲ್ಲಿ ಶವಕ್ಕೆ ಮಾಡುವ ಹಾಗೆ ಜಾಗರಣೆ ಮಾಡುತ್ತಿದ್ದರು. ಅತ್ತು, ಹಾಡಿ, ಬೆಳಗ್ಗೆ ಅಡ್ಡರಸ್ತೆಯ ತನಕ ಹೋಗಿ ಬೀಳ್ಕೊಡುತ್ತಿದ್ದರು. ಅವರ ಹೆಸರು ಊರಿಗೆಲ್ಲ ಬಾಯಿಪಾಠ. ಆದರೆ ಸ್ಕಾಟ್ಲೆಂಡಿಗೆ ಆಲೂಗಡ್ಡೆ ಅಗೆಯಲು ಹೋಗುವವರಿಗೆ ಯಾರೂ ಅಳುತ್ತಿರಲಿಲ್ಲ. ಜೂನ್‌ನಲ್ಲಿ ಗುಂಪಾಗಿ ಹೋಗಿ ನವೆಂಬರಿಗೆ ಬರುವವರು ಅವರು, ಸಂತೆಗೆ ಹೋದಷ್ಟೇ ಲೆಕ್ಕ. ಒಬ್ಬ ಬರಲಿಲ್ಲ ಅಂದರೆ ಮುಂದಿನ ವರ್ಷ ಬರುತ್ತಾನೆ. ಅದರ ಮುಂದಿನ ವರ್ಷವೂ ಬರಲಿಲ್ಲ ಅಂದರೆ ಆಲೂಗಡ್ಡೆಗೆ ಹೋಗಿದ್ದಾನೆ. ಹಾಗಾಗಿ ಅವನು ಊರು ಬಿಟ್ಟವರ ಪಟ್ಟಿಗೆ ಸೇರಲೇ ಇಲ್ಲ. ಮೇಷ್ಟ್ರೂ ಅಷ್ಟೇ, ನಾನೂ ಅಷ್ಟೇ, ಪಡುವಲ ಕಡಲನ್ನೇ ನೋಡುತ್ತಾ ನಿಂತೆವು. ಬಡಗಲ ಕಡೆ ಕತ್ತು ತಿರುಗಿಸಲೇ ಇಲ್ಲ.

ಮೇಷ್ಟ್ರು ಕೇಳಿ ತಲೆ ಅಲ್ಲಾಡಿಸಿದರು. "ಸ್ಕಾಟ್ಲೆಂಡಾ? ಅದು ಆಂಟ್ರಿಮ್‌ನವರ ಹಿತ್ತಲು ಮಾರಾಯ. ಬೆಳಿಗ್ಗೆ ದೋಣಿ ಹತ್ತಿದ್ರೆ ಮಧ್ಯಾಹ್ನಕ್ಕೆ ಅಲ್ಲಿ. ಅಲ್ಲಿ ಯಾವ ಗಿಲ್ವಾರ್ನ ಸಿಕ್ಕಿದ್ರೂ ಹತ್ತಕ್ಕೆ ಒಂಬತ್ತು ಪಾಲು ಅವರೇ."

"ಒಂದು ಪಾಲು ಇದೆಯಲ್ಲ."

"ಸರಿ, ಬರಿ. ಆದ್ರೆ ಕಾಗದ ನಾನು ನೋಡ್ಬೇಕು. ಓನಿ ಅಂತ ಬರೀಬೇಡ, ಬೀಸಿ ಅಂತ ಬರೀಬೇಡ, ಒಂದೇ ಒಂದು ಹೆಸರೂ ಇರಕೂಡದು. ಹೇಳ್ಕೊಟ್ಟ ಪಾಠ ಒಪ್ಸೋರು ನಂಗೆ ಬೇಡ. ಬಂದ್ರೆ ಮೊದಲು ನನ್ನ ಹತ್ರ ಬರ್ಬೇಕು. ನೀನು ಮೂಲೇಲಿ ಕೂತಿರು, ತುಟಿ ಬಿಚ್ಚಕೂಡದು."

"ಆಯ್ತು ಮೇಷ್ಟ್ರೇ."

"ಆಣೆ ಮಾಡು."

ಮಾಡಿದೆ. ಅಂಚೆಯವನು ಬಾಯಿ ಕಟ್ಟಿಕೊಂಡು ಬದುಕುವುದನ್ನು ಮೂವತ್ತೆಂಟು ವರ್ಷ ಕಲಿತಿರುತ್ತಾನೆ.

ವಿಳಾಸ ಗೊತ್ತಿಲ್ಲದಿದ್ದರೆ ಅಂಚೆಯವನಿಗೆ ಅಂಚೆಯವನೇ ದಿಕ್ಕು. ನಮ್ಮ ಜನ ಆಲೂಗಡ್ಡೆಗೆ ಹೋಗುತ್ತಿದ್ದ ಹನ್ನೆರಡು ಊರುಗಳನ್ನು ಹಳಬರಿಂದ ಕೇಳಿ ಬರೆದುಕೊಂಡೆ. ಹನ್ನೆರಡು ಲಕೋಟೆಗಳ ಮೇಲೂ ಒಂದೇ ವಿಳಾಸ: ಗಿಲ್ವಾರ್ನ ಹೆಸರಿನ ಯಾರಿಗಾದರೂ ಸರಿ, ಇಂಥ ಊರು, ಪೋಸ್ಟ್‌ಮ್ಯಾನ್ ಅಣ್ಣನ ದಯೆಯಿಂದ. ಒಳಗೆ ಬರೆದದ್ದು ಇಷ್ಟೇ: ನಿಮ್ಮ ಹಿರಿಯರು ಎಲ್ಲಿಯವರು, ಜುಲೈ ಕೊನೆಯ ಭಾನುವಾರಕ್ಕೆ ನಮ್ಮೂರಿಗೆ ಬರಲಾದೀತೇ ಎಂದು. ಹಿಂದುಗಡೆ ನನ್ನ ಹೆಸರಿನ ಕೆಳಗೆ 'ನಿವೃತ್ತ ಪೋಸ್ಟ್‌ಮ್ಯಾನ್' ಎಂದು ಬರೆದೆ. ಆ ಎರಡು ಪದಕ್ಕೆ ಇರುವ ಬೆಲೆ ಯಾವ ಮೇಷ್ಟ್ರ ಸಹಿಗೂ ಇಲ್ಲ.

ಹನ್ನೊಂದು ಕಾಗದ ಒಂದೊಂದಾಗಿ ತಿರುಗಿ ಬಂದವು, ಇಂಥವರು ಇಲ್ಲ ಎಂಬ ಮುದ್ರೆ ಹೊತ್ತು. ಮೇಬೋಲ್ ಎಂಬ ಊರಿನದು ಬರಲಿಲ್ಲ. ಜೂನ್ ಕಳೆಯಿತು, ಆಗಲೂ ಬರಲಿಲ್ಲ. ಊನಾ ಕಳೆದುಹೋಗಿರಬೇಕು ಎಂದಳು. ನನಗೆ ಗೊತ್ತಿತ್ತು, ತಿರುಗಿ ಬಾರದ ಕಾಗದ ತಲುಪಿದ ಕಾಗದ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಈಗಿನ ಪೋಸ್ಟ್‌ಮ್ಯಾನ್‌ಗೆ ನಾನು ಕೊಟ್ಟ ಕಾಟವನ್ನು ನನಗೆ ಯಾರಾದರೂ ಕೊಟ್ಟಿದ್ದರೆ ನಾಯಿ ಛೂ ಬಿಡುತ್ತಿದ್ದೆ.

ಜುಲೈ ಹನ್ನೆರಡಕ್ಕೆ ಉತ್ತರ ಬಂತು. ದಪ್ಪ ಅಕ್ಷರ, ಬಲಗಡೆಗೆ ಮಸಿ ಒರೆಸಿಕೊಂಡು ಹೋಗಿತ್ತು.

"ಮಹನೀಯರೇ, ನಿಮ್ಮ ಕಾಗದ ನಮ್ಮ ಪೋಸ್ಟ್‌ಮ್ಯಾನ್ ಎರಡು ವಾರ ಜೇಬಲ್ಲಿ ಇಟ್ಟುಕೊಂಡಿದ್ದು ನೆನ್ನೆ ಬಸ್ಸಿನಲ್ಲಿ ಕೊಟ್ಟ. ನಾನು ರೋನಾ ಗಿಲ್ವಾರ್ನ, ನಲವತ್ತೆಂಟು ವರ್ಷ, ಬಸ್ ಓಡಿಸುತ್ತೇನೆ. ನಮ್ಮ ಮುತ್ತಜ್ಜ ಐರ್ಲೆಂಡಿನವನು. ಐರ್ಲೆಂಡಿನ ಯಾವ ಊರು ಎಂದು ಯಾರಿಗೂ ಗೊತ್ತಿಲ್ಲ. ಮದುವೆಯ ದಾಖಲೆಯಲ್ಲೂ ಐರ್ಲೆಂಡ್ ಎಂದಷ್ಟೇ ಇದೆ, ಇಡೀ ದ್ವೀಪವೇ ಅವನನ್ನು ಹೆತ್ತ ಹಾಗೆ. ನನಗೆ ಒಂದು ವಾರ ರಜೆ ಇದೆ. ನಿಮ್ಮ ಭಾನುವಾರದ ಹಿಂದಿನ ದಿನ ಬರುತ್ತೇನೆ. ಬೇಡವಾದರೆ ವಾಪಸು ಕಳಿಸಿ."

ಶನಿವಾರ ಮಧ್ಯಾಹ್ನ ಮೂರರ ಬಸ್ಸಿಗೆ ಮೇಷ್ಟ್ರು ಕೊಡೆ ಹಿಡಿದು ಕಾದಿದ್ದರು. ದಪ್ಪನೆಯ ಹೆಂಗಸು, ಕೆಂಚು ಕೂದಲು, ಇಳಿಯುತ್ತಲೇ ಡ್ರೈವರಿಗೆ ಗೇರು ಹಾಕುವುದನ್ನು ತಿದ್ದಿ ಹೇಳುತ್ತಿದ್ದಳು. ಮೇಷ್ಟ್ರು ಪೊಲೀಸಿನವರ ಹಾಗೆ ಅವಳ ಚೀಲ ಹಿಡಿದುಕೊಂಡು ಸೀದಾ ತಮ್ಮ ಮನೆಗೆ ನಡೆಸಿದರು. ನಾನು ಹಿಂದೆ ಸೈಕಲ್ ತಳ್ಳಿಕೊಂಡು ಹೋದೆ, ಬಾಯಿ ಹೊಲಿದುಕೊಂಡು.

"ಹೆಸರು ನಿಮ್ಮ ತಂದೆ ಕಡೆಯಿಂದಾನೇ ತಾನೆ?" ಮೇಷ್ಟ್ರು ಕಾಗದ, ಪೆನ್ಸಿಲ್ ತೆಗೆದರು.

"ಹೂಂ. ಗಂಡನ ಹೆಸರೂ ಸ್ವಲ್ಪ ದಿನ ಇತ್ತು. ಅವನ್ನ ಬಿಟ್ಟಾಗ ಅದನ್ನೂ ಅವನ ಹತ್ರಾನೇ ಬಿಟ್ಟು ಬಂದೆ."

"ಮುತ್ತಜ್ಜನ ಹೆಸರು?"

"ಓವೆನ್."

ಓವೆನ್‌ನನ್ನು ನಮ್ಮ ಕಡೆ ಓನಿ ಎಂದೇ ಕರೆಯುವುದು. ನನಗೆ ಜೀವ ಬಂತು. ಮೇಷ್ಟ್ರು ಕಣ್ಣೂ ಮಿಟುಕಿಸಲಿಲ್ಲ. "ಆಂಟ್ರಿಮ್‌ನಲ್ಲಿ ಕಲ್ಲು ಹೊಡೆದ್ರೆ ಓವೆನ್‌ಗೇ ಬೀಳುತ್ತೆ. ಯಾವ ಇಸವೀಲಿ ಬಂದಿದ್ದು?"

"ಗೊತ್ತಿಲ್ಲ."

"ಕಾಗದ ಪತ್ರ? ಫೋಟೋ? ಜಪಸರ ಏನಾದ್ರೂ?"

"ಮುತ್ತಜ್ಜಿ ನಮ್ಮ ಕಡೆ ಪ್ರೊಟೆಸ್ಟಂಟ್ ಚರ್ಚಿನವಳು ಮೇಷ್ಟ್ರೇ. ಅವನ ಜಪಸರ ಗಿಪಸರ ಎಲ್ಲ ಅವಳು ಮನೆಯೊಳಗೆ ಬಿಟ್ಕೊಂಡಿರಲ್ಲ."

"ನಿಮ್ಮಜ್ಜ ಏನಾದ್ರೂ ಕಥೆ ಹೇಳ್ತಿದ್ರಾ? ಸಂತನ ವಿಷ್ಯ, ಗಂಟೆ ವಿಷ್ಯ?"

"ನಮ್ಮಜ್ಜ ಉಪ್ಪು ಕೊಡು ಅನ್ನೋದಕ್ಕೂ ಕೈ ಸನ್ನೆ ಮಾಡ್ತಿದ್ದ." ಅವಳು ಟೀ ಲೋಟ ಎಡಗೈಯಲ್ಲಿ ಎತ್ತಿದಳು. ಗಂಟೆಮನೆಯಲ್ಲಿ ಎಡಚರಿದ್ದರು ಎಂಬುದು ಊರಿಗೆಲ್ಲ ಗೊತ್ತು. ನಾನು ಕೆಮ್ಮಿದೆ.

"ಎಡಗೈ ಸಾಕ್ಷಿ ಆಗಲ್ಲ ಫೆಸ್ಟಿ," ಎಂದರು ಮೇಷ್ಟ್ರು ತಿರುಗಿ ನೋಡದೆ. "ನರಕದಲ್ಲಿ ಅರ್ಧ ಜನ ಎಡಚರು."

ಒಂದು ಗಂಟೆಯಾಯಿತು, ಎರಡಾಯಿತು. ಹಾಳೆಯಲ್ಲಿ ಪ್ರಶ್ನೆಗಳೇ ತುಂಬಿದವು, ಉತ್ತರ ಒಂದೂ ಇಲ್ಲ. ಕೊನೆಗೆ ರೋನಾ ಕುರ್ಚಿ ಹಿಂದಕ್ಕೆ ತಳ್ಳಿದಳು.

"ನೋಡಿ, ನಾನು ಬಸ್ ಓಡ್ಸೋಳು. ಟಿಕೆಟ್ ಇಲ್ದೋರ್ನ ಇಳಿಸೋದು ನಂಗೂ ಗೊತ್ತು. ಇಳಿ ಅನ್ನಿ, ಇಳೀತೀನಿ. ಬೇಜಾರಿಲ್ಲ."

ಬೇಜಾರಿತ್ತು. ಮುಖದಲ್ಲೇ ಕಾಣುತ್ತಿತ್ತು. ಮೇಷ್ಟ್ರಿಗೂ ಬೇಜಾರಾಗಿತ್ತು, ಅದನ್ನು ನಾನು ಒಪ್ಪಿಕೊಳ್ಳಲೇಬೇಕು. ಅವರು ಪೆನ್ಸಿಲ್ ಕೆಳಗಿಟ್ಟರು. "ತಾಯಿ, ನಿಮ್ಮಲ್ಲಿ ಸುಳ್ಳಿಲ್ಲ. ಆದ್ರೆ ನಂಗೆ ಹಿಡ್ಕೊಳ್ಳೋಕೆ ಒಂದು ಕಡ್ಡೀನೂ ಸಿಗ್ಲಿಲ್ಲ. ನಾನು ಸಹಿ ಹಾಕೋಕಾಗಲ್ಲ." ಎದ್ದು ಬೀರುವಿನಿಂದ ವಿಸ್ಕಿ ತೆಗೆದರು. ಬಂದವರನ್ನು ಒಣಬಾಯಲ್ಲಿ ಕಳಿಸುವಷ್ಟು ಕೆಟ್ಟ ಮನುಷ್ಯ ಅವರಲ್ಲ.

ರೋನಾ ಲೋಟ ಎತ್ತಿದಳು. ಎತ್ತಿ, ಉಸಿರಿನಷ್ಟೇ ಸಹಜವಾಗಿ ಅಂದಳು:

"ಬಾವಿಯ ಟಾಮ್‌ಗೆ, ಎಡಗೈ ಪೀಟರ್‌ಗೆ, ಎರಡು ಬಾಗಿಲ ಹಾನರ್‌ಗೆ, ಮಾತು ಬಾರದ ಸಬೀನಾಗೆ. ನವೆಂಬರಿಗೆ ಮನೆಗೆ ಬರ್ತೀನಿ."

ಕುಡಿದು ಲೋಟ ಕೆಳಗಿಟ್ಟಳು.

ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಇಲ್ಲದಿದ್ದರೆ ಕುಣಿದುಬಿಡುತ್ತಿದ್ದೆ.

"ಅದೇನು?" ಎಂದರು ಮೇಷ್ಟ್ರು. ಬೀಸಿಯ ಮನೆಯ ಜಪಕ್ಕೆ ಅವರು ಒಂದು ದಿನವೂ ಕೂತವರಲ್ಲ.

"ಇದಾ? ನಮ್ಮಜ್ಜ ಹೊಸ ವರ್ಷದ ದಿನ ಲೋಟ ಎತ್ತಿದಾಗ ಹೇಳ್ತಿದ್ದ. ವರ್ಷಕ್ಕೆ ಅವನ ಬಾಯಿಂದ ಬರ್ತಿದ್ದ ಉದ್ದ ಮಾತು ಅದೊಂದೇ. ಅವರಪ್ಪನಿಂದ ಬಂದಿದ್ದಂತೆ. ಯಾರೋ ಹೆಂಡದಂಗಡಿ ಗೆಳೆಯರಿರಬೇಕು ಅಂತ ನಾವು. ನಮ್ಮನೇಲಿ ಎಲ್ರೂ ಹೇಳ್ತೀವಿ, ಅಭ್ಯಾಸ."

ನಾನು ಎದ್ದು ನಿಂತೆ. ಆಣೆ ನೆನಪಿತ್ತು. "ಮೇಷ್ಟ್ರೇ, ಒಂದೇ ಒಂದು ಮಾತು. ಈಗ ಆಕೆ ಹೇಳಿದ್ದನ್ನ ಅದೇ ಸಾಲಿನಲ್ಲಿ ಬರ್ಕೊಳ್ಳಿ. ಕೆಳಗೆ ಆಕೆ ಸಹಿ ಹಾಕಿಸ್ಕೊಳ್ಳಿ. ಆರು ಗಂಟೆ ಆಗ್ತಾ ಬಂತು, ಬೀಸಿ ಮನೆಗೆ ಹೋಗೋಣ."

"ಯಾಕೆ?"

"ಜಪಕ್ಕೆ."

ಅವರು ನನ್ನನ್ನೇ ನೋಡಿದರು. ಆಮೇಲೆ ಬರೆದುಕೊಂಡರು.

ಬೀಸಿ ಗಾಲಿಕುರ್ಚಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಯಾರು ಬಂದರು, ಎಷ್ಟು ಜನ ಬಂದರು ನೋಡಲಿಲ್ಲ. ನಾಳೆ ಗಂಟೆ ಬರುವುದಿಲ್ಲ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದಳು, ಹಾಗಾಗಿ ಯಾರ ಮುಖವೂ ಬೇಕಿರಲಿಲ್ಲ. ರೇಡಿಯೋದಲ್ಲಿ ಆರು ಹೊಡೆಯಿತು. ನಾವು ಮೂವರೂ ಮಂಡಿಯೂರಿದೆವು. ರೋನಾಗೆ ಜಪ ಬಾರದು, ಸುಮ್ಮನೆ ತಲೆ ತಗ್ಗಿಸಿದ್ದಳು. ಮೇಷ್ಟ್ರು ಹಾಳೆಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೈಯಲ್ಲಿ ಪೆನ್ಸಿಲ್ ಹಿಡಿದಿದ್ದರು.

ಅಷ್ಟು ಉದ್ದದ ಜಪವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅಂತೂ ಬಾಲಂಗೋಚಿ ಶುರುವಾಯಿತು. ಪೋಪರು, ಬಿಷಪ್ಪರು, ಕಡಲಲ್ಲಿ ಮುಳುಗಿದ ದೋಣಿಯವರು ಬಂದುಹೋದರು. ಆಮೇಲೆ:

"ಬಾವಿಯ ಟಾಮ್..."

ರೋನಾಳ ತಲೆ ಮೇಲೆದ್ದಿತು. ಮೇಷ್ಟ್ರ ಪೆನ್ಸಿಲ್ ಒಂದು ಗುರುತು ಹಾಕಿತು, ಮಕ್ಕಳ ಲೆಕ್ಕ ತಿದ್ದುವ ಹಾಗೆ.

"ಎಡಗೈ ಪೀಟರ್..." ಇನ್ನೊಂದು ಗುರುತು. "ಎರಡು ಬಾಗಿಲ ಹಾನರ್... ಮಾತು ಬಾರದ ಸಬೀನಾ..." ನಾಲ್ಕನೆಯ ಗುರುತು ಹಾಕುವಾಗ ಪೆನ್ಸಿಲ್ ಮೊನೆ ಮುರಿಯಿತು. "ಇವರ ಆತ್ಮಕ್ಕೆ ಶಾಂತಿ ಸಿಗಲಿ. ಆಲೂಗಡ್ಡೆಗೆ ಹೋದ ಓನಿ ಸುಖವಾಗಿ ಮನೆಗೆ ಬರಲಿ."

"ನಿಲ್ಸು ಬೀಸಿ," ಎಂದರು ಮೇಷ್ಟ್ರು.

ಬೀಸಿ ಕುರ್ಚಿ ತಿರುಗಿಸಿದಳು, ಬೈಯಲು ಬಾಯಿ ತೆರೆದು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು. "ನೂರಾ ಹನ್ನೆರಡನೇ ಪುಟ ತಪ್ಪು," ಎಂದರು. "ತಾಯಿ, ನಿಮ್ಮಜ್ಜ ಹೇಳ್ತಿದ್ದ ಮಾತು ಈಕೆಗೆ ಹೇಳಿ."

ರೋನಾ ಮಂಡಿಯ ಮೇಲೆಯೇ ಇದ್ದಳು. ಹೇಳಿದಳು. ನಾಲ್ಕು ಹೆಸರೂ ಹೇಳಿ, ಕೊನೆಯದನ್ನು ಮೆಲ್ಲಗೆ ಹೇಳಿದಳು: "ನವೆಂಬರಿಗೆ ಮನೆಗೆ ಬರ್ತೀನಿ."

ಇಲ್ಲಿ ಅವನು ಬರಲಿ ಎಂದು ನೂರಾ ಹನ್ನೆರಡು ವರ್ಷ ಬೇಡಿದರು. ಅಲ್ಲಿ ಬರುತ್ತೇನೆ ಎಂದು ಅಷ್ಟೇ ವರ್ಷ ಹೇಳಿದರು. ವರ್ಷದ ಲೆಕ್ಕ ಮೇಷ್ಟ್ರು ಆಮೇಲೆ ಹಾಕಿದ್ದು, ಓನಿ ಟಾಮ್‌ನ ಕಿರಿಯ ತಮ್ಮ ಎಂಬುದನ್ನೂ ದೀಕ್ಷಾಸ್ನಾನದ ಹಳೆಯ ಪುಸ್ತಕದಿಂದ ಹೆಕ್ಕಿ ತೆಗೆದದ್ದೂ ಆಮೇಲೆಯೇ. ಆ ಹೊತ್ತಿನಲ್ಲಿ ನಮಗೆ ಯಾವ ಪುಸ್ತಕವೂ ಬೇಕಿರಲಿಲ್ಲ.

ಬೀಸಿ ಕುರ್ಚಿಯನ್ನು ರೋನಾಳ ಹತ್ತಿರಕ್ಕೆ ಉರುಳಿಸಿದಳು. "ತಡ ಮಾಡ್ದೆ ಕಣೇ," ಎಂದಳು.

"ಬಸ್ ಲೇಟಾಯ್ತು ಅತ್ತೆ," ಎಂದಳು ರೋನಾ. ಅಷ್ಟು ಹೇಳಿ ಬೀಸಿಯ ಮಡಿಲಲ್ಲಿ ಮುಖ ಇಟ್ಟು ಗಳಗಳ ಅತ್ತುಬಿಟ್ಟಳು. ನಾನೂ ಅತ್ತೆ. ಅಳಲಿಲ್ಲ ಎಂದು ಮೇಷ್ಟ್ರು ಹೇಳುತ್ತಾರೆ, ಅದನ್ನು ಯಾವ ಪುಟದಲ್ಲಿ ಬರೆದುಕೊಳ್ಳುತ್ತಾರೋ ಬರೆದುಕೊಳ್ಳಲಿ.

ಬಾವಿ ಭಾನುವಾರ ಮಳೆಯಿರಲಿಲ್ಲ, ಅದೊಂದೇ ಪವಾಡ ಸಾಕಿತ್ತು. ಸುದ್ದಿ ರಾತ್ರಿಯೇ ಹಬ್ಬಿ, ಸುತ್ತಲ ಐದು ಊರಿನ ಜನ ಗೋಡೆಗಳ ಮೇಲೆಲ್ಲ ಕೂತಿದ್ದರು. ಸ್ಕ್ರಾಂಟನ್‌ನ ಸನ್ಯಾಸಿನಿಗೆ ಮೇಷ್ಟ್ರು ಬೆಳಗಿನ ಜಾವಕ್ಕೆ ಫೋನ್ ಮಾಡಿ ಮಠವನ್ನೆಲ್ಲ ಎಬ್ಬಿಸಿದ್ದರು. ಸಂಗ್ರಹಾಲಯದ ಮನುಷ್ಯ ಬಿಳಿ ಕೈಗವಸು ಹಾಕಿಕೊಂಡು, ಗಂಟೆಯನ್ನು ಮೊಟ್ಟೆಯ ಹಾಗೆ ಹಿಡಿದು ಕಾರಿನಿಂದ ಇಳಿದ.

"ಕೈಗವಸು ತೆಗಿಯಪ್ಪಾ," ಎಂದಳು ಬೀಸಿ. "ಅದು ಸಾವಿರ ವರ್ಷ ಬರಿಗೈಯಲ್ಲಿ ಬಂದಿರೋದು. ನಿನ್ನಿಂದ ಏನೂ ಅಂಟ್ಕೊಳ್ಳಲ್ಲ."

ಅವಳು ಗಂಟೆಯನ್ನು ಮಡಿಲಿಗೆ ತೆಗೆದುಕೊಂಡಳು. ಒಮ್ಮೆ ಸವರಿದಳು. ಅರವತ್ತು ವರ್ಷ ಹೊತ್ತ ಗಂಟೆಯನ್ನು ರೋನಾಳ ಕಡೆ ಎತ್ತಿ ಹಿಡಿದಳು. ರೋನಾ ಬೂಟು ಕಳಚಿ ಎಡಗೈ ಚಾಚಿದಳು.

ಮೂರು ಸುತ್ತು ಬಂದಳು, ಬಿಸಿಲು ತಿರುಗುವ ದಿಕ್ಕಿಗೆ, ಚೂಪುಗಲ್ಲಿನ ಮೇಲೆ ಹಲ್ಲು ಕಚ್ಚಿಕೊಂಡು. ಮೂರನೆಯ ಸುತ್ತಿಗೆ ಗಂಟೆ ಎತ್ತಿ ಬಾರಿಸಿದಳು. ಆ ಗಂಟೆಯ ಸದ್ದು ಇಂಪಾಗಿದೆ ಎಂದು ಯಾರೂ ಹೇಳುವುದಿಲ್ಲ, ಹಳೇ ಬಾಣಲೆ ಬಡಿದ ಹಾಗೆ ಇರುತ್ತದೆ. ಆದರೆ ಆವತ್ತು ಅದು ಗುಡ್ಡದ ಆಚೆಗೂ ಕೇಳಿಸಿತು, ನಾನು ಬೇಕಾದರೆ ಆಣೆ ಮಾಡುತ್ತೇನೆ. ಜನ ಟೋಪಿ ಮೇಲಕ್ಕೆಸೆದು ಕೂಗಿದರು. ಪಾದ್ರಿಗಳು ಪ್ರಾರ್ಥನೆ ಹೇಳಬೇಕಿತ್ತು, ಅವರೂ ಕೂಗುತ್ತಿದ್ದರು.

"ಮುನಿಸ್ಕೊಂಡಿಲ್ಲ," ಎಂದಳು ಬೀಸಿ ಕಿವಿಗೊಟ್ಟು. "ಕೇಳು ಫೆಸ್ಟಿ, ಮುನಿಸ್ಕೊಂಡೇ ಇಲ್ಲ."

ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಹಂದಿಮಾಂಸ, ಕೋಸು, ಬೆಟ್ಟದಷ್ಟು ಆಲೂಗಡ್ಡೆ. ಭೂಪಟ ಇನ್ನೂ ಮೇಜಿನ ಮೇಲೇ ಇತ್ತು.

"ಮುಂದಿನ ವರ್ಷ ಯಾರು ಹೊರ್ತಾರೆ?" ಎಂದು ಮೇಷ್ಟ್ರು ಕೇಳಿದರು. "ಈಕೇನೇ ಬರ್ತಾಳೋ?"

"ಬರ್ತೀನಿ," ಎಂದಳು ರೋನಾ ಬಾಯಿತುಂಬ ತುಂಬಿಕೊಂಡು. "ನಾನಿಲ್ಲದಿದ್ರೆ ನನ್ನ ಮೂವರು ತಮ್ಮಂದಿರು. ಅವರಾಗದಿದ್ರೆ ಅವರ ಮಕ್ಕಳು. ಹನ್ನೊಂದು ಮಂದಿ ಇದಾವೆ, ಎಲ್ಲಾ ಗಿಲ್ವಾರ್ನ, ಎಲ್ಲಾ ತಲೆಹರಟೆ."

ಹನ್ನೊಂದು. ಮೇಷ್ಟ್ರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಊನಾಳ ಡಬ್ಬಿ ತಂದು ಸ್ಕ್ರಾಂಟನ್‌ನ ಒಂದನ್ನು ಬಿಟ್ಟು ಅಮೆರಿಕಾದ ಸೂಜಿಗಳನ್ನೆಲ್ಲ ಕಿತ್ತೆ. ಕಿತ್ತವನ್ನು ಮೇಬೋಲ್ ಎಂಬ ಆ ಚಿಕ್ಕ ಚುಕ್ಕೆಗೆ ಒಂದೊಂದಾಗಿ ಚುಚ್ಚಿದೆ. ಜಾಗ ಸಾಲದೆ ಕೊನೆಯ ನಾಲ್ಕು ಸಮುದ್ರಕ್ಕೆ ಬಿದ್ದವು.

ಆರಕ್ಕೆ ಬೀಸಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಟೆ ವಾಪಸು ಹೋಗುವ ಮುನ್ನ ಮೇಜಿನ ಮೇಲಿತ್ತು. ಸಂಗ್ರಹಾಲಯದ ಮನುಷ್ಯನೂ ಬರಿಗೈಯಲ್ಲಿ ಮಂಡಿಯೂರಿದ್ದ. ಜಪ ಮುಗಿಯಿತು, ಬಾಲಂಗೋಚಿ ಶುರುವಾಯಿತು. ಬಾವಿಯ ಟಾಮ್ ಬಂದ, ಎಡಗೈ ಪೀಟರ್ ಬಂದ, ಎರಡು ಬಾಗಿಲ ಹಾನರ್ ಬಂದಳು, ಮಾತು ಬಾರದ ಸಬೀನಾ ಬಂದಳು. ಅಲ್ಲಿ ಬೀಸಿ ನಿಂತಳು. ಎಂಬತ್ತು ವರ್ಷದ ಅಭ್ಯಾಸ ಅವಳ ತುಟಿಯ ಮೇಲೆ ಆಲೂಗಡ್ಡೆಯನ್ನು ತಂದಿಟ್ಟಿತ್ತು.

"ಮನೆಗೆ ಬಂದ ಓನಿ," ಎಂದಳು ಬೀಸಿ. "ಇವರ ಆತ್ಮಕ್ಕೆ ಶಾಂತಿ ಸಿಗಲಿ."

ಆಮೇಲೆ ಬ್ರಿಜೆಟ್‌ಗೂ ಅವಳ ಅವಳಿ ಕೂಸುಗಳಿಗೂ ಹೋದಳು.